ಗಾಲ್ಫ್ ಕೋರ್ಸ್‌ನಲ್ಲಿ ನೀರು, ಹುಲ್ಲು, ಹಕ್ಕಿ ಉಳಿಸುವ ಕೆಲಸ: ಯಾವುದು ಮೊದಲು, ಯಾವುದು ಆಮೇಲೆ

ಜೂನ್ 5ರ ಪರಿಸರ ದಿನ ಬಂತೆಂದರೆ ಗಾಲ್ಫ್ ಕೋರ್ಸ್‌ಗಳಲ್ಲಿ ನೂರು ಸಸಿ ಬರುತ್ತವೆ, ಗುಂಡಿ ತೋಡುತ್ತಾರೆ, ಫೋಟೊ ತೆಗೆಯುತ್ತಾರೆ. ಇನ್ನು ಕೆಲವರು ರಫ್‌ನ (ಆಟದ ಹಾದಿಯ ಆಚೆಗಿನ ಎತ್ತರದ ಹುಲ್ಲಿನ ಜಾಗ) ಒಂದು ಮೂಲೆಯಲ್ಲಿ ಹುಲ್ಲು ಕತ್ತರಿಸುವುದನ್ನು ನಿಲ್ಲಿಸಿ ‘ನೈಸರ್ಗಿಕ ಪ್ರದೇಶ’ ಎಂದು ಬೋರ್ಡು ನೆಡುತ್ತಾರೆ. ಅಕ್ಟೋಬರ್ ಹೊತ್ತಿಗೆ ಆ ಮೂಲೆಯಲ್ಲಿ ಸೊಂಟದೆತ್ತರ ಪಾರ್ಥೇನಿಯಂ ನಿಂತಿರುತ್ತದೆ. ಚೆಂಡು ಸಿಗಲಿಲ್ಲ, ಹಾವು ಬಂತು ಎಂದು ಸದಸ್ಯರ ದೂರು ಶುರುವಾಗುತ್ತದೆ. ಡಿಸೆಂಬರ್‌ನಲ್ಲಿ ಕಮಿಟಿ ಒಂದು ಮಾತು ಹೇಳಿದರೆ ಸಾಕು, ಮೋವರ್ ಹಾಯಿಸಿ ಎಲ್ಲ ಬೋಳಿಸಿ ಮುಗಿಯಿತು. ಬೆಂಗಳೂರಿನ ಹೊರವಲಯದ ಕೋರ್ಸ್ ಒಂದರಲ್ಲಿ ಸೂಪರಿಂಟೆಂಡೆಂಟ್ ಆಗಿದ್ದಾಗ ನಾನು ಇದೇ ದಾರಿಯಲ್ಲಿ ಎರಡು ಸಲ ಸೋತಿದ್ದೇನೆ.

ಉತ್ಸಾಹಕ್ಕೆ ಕೊರತೆ ಇರಲಿಲ್ಲ, ಕ್ರಮ ತಪ್ಪಿತ್ತು. ಸಸಿ, ಹೂವು, ಹಕ್ಕಿ ಕಣ್ಣಿಗೆ ಕಾಣುವ ಕೆಲಸ, ಅದಕ್ಕೇ ಮೊದಲು ಕೈ ಹಾಕುತ್ತೇವೆ. ನೀರಿನ ಲೆಕ್ಕ, ಕೀಟನಾಶಕ ಇಡುವ ಔಷಧಿ ಕೋಣೆ, ಮಾಲಿಗಳ ಜೊತೆ ಮಾತು ಇವೆಲ್ಲ ಹಿಂದೆ ಬೀಳುತ್ತವೆ. ನಿಜವಾಗಿ ಇವೇ ಮೊದಲು ಆಗಬೇಕಾದವು. ಜನವರಿಯಲ್ಲಿ ಶುರು ಮಾಡಿದರೆ ಬೇಸಿಗೆಗೆ ಮುಂಚೆ ನೀರಿನ ಕೆಲಸ, ಮುಂಗಾರಿಗೆ ಮುಂಚೆ ಔಷಧಿಯ ಕೆಲಸ ಮುಗಿಯುತ್ತದೆ. ಇಲ್ಲಿನ ತಿಂಗಳುಗಳು ಬೆಂಗಳೂರು, ಮೈಸೂರು ಕಡೆಯ ಬಯಲಿಗೆ ಹೊಂದುವಂಥವು. ಕೊಡಗು, ಚಿಕ್ಕಮಗಳೂರಿನವರು ತಮ್ಮ ಮಳೆಗೆ ತಕ್ಕಂತೆ ಹಿಂದೆಮುಂದೆ ಮಾಡಿಕೊಳ್ಳಿ.

ಕೈಯಲ್ಲಿ ಇರಬೇಕಾದ ಸಾಮಾನು

ದುಬಾರಿ ಉಪಕರಣ ಬೇಡ. ಪಂಪ್‌ಹೌಸ್‌ಗೆ ನೀರಿನ ಮೀಟರ್ ಇಲ್ಲದಿದ್ದರೆ ಅದೊಂದನ್ನು ಮಾತ್ರ ಮೊದಲೇ ಹಾಕಿಸಿ. ಅದು ಬಿಟ್ಟರೆ ಒಂದೇ ಅಳತೆಯ 24 ಪ್ಲಾಸ್ಟಿಕ್ ಡಬ್ಬಿ, ನೀರು ಅಳೆಯುವ ಒಂದು ಸಿಲಿಂಡರ್, ಒಂದು ಮಳೆಮಾಪಕ, ನೀರಿನ ಇಸಿ (ಕರಗಿದ ಉಪ್ಪಿನ ಅಳತೆ) ನೋಡುವ ಚಿಕ್ಕ ಮೀಟರ್, ಹತ್ತಿಂಚಿನ ಸ್ಕ್ರೂಡ್ರೈವರ್, ಬಣ್ಣ ಬಳಿದ ಗೂಟಗಳು, ಹಗ್ಗ. ಕೋರ್ಸ್‌ನ ಉಪಗ್ರಹ ಚಿತ್ರವನ್ನು ದೊಡ್ಡ ಹಾಳೆಯಲ್ಲಿ ಪ್ರಿಂಟ್ ಹಾಕಿಸಿ ಮಾಲಿಗಳು ಹಾಜರಿ ಹಾಕುವ ಜಾಗದ ಗೋಡೆಗೆ ಅಂಟಿಸಿ. ದಪ್ಪ ರಟ್ಟಿನ ನೋಟ್‌ಬುಕ್ ಮೂರು ಬೇಕು: ನೀರಿಗೊಂದು, ಔಷಧಿಗೊಂದು, ಕಂಡದ್ದನ್ನು ಬರೆಯಲು ಒಂದು.

ಹಂತ 1: ಚೆಂಡು ಬೀಳದ ಜಾಗ ಪತ್ತೆ ಮಾಡಿ (ಜನವರಿ)

18 ಹೋಲ್‌ಗಳ ಕೋರ್ಸ್ 150 ಎಕರೆ ಇದೆ ಎಂದುಕೊಳ್ಳಿ. ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಗ್ರೀನ್‌ಗಳೆಲ್ಲ ಸೇರಿದರೆ ಸಾಮಾನ್ಯವಾಗಿ ಮೂರು ಎಕರೆ ಆಸುಪಾಸು, ಮೊದಲ ಹೊಡೆತ ಹೊಡೆಯುವ ಟೀಗಳು ಹೆಚ್ಚುಕಡಿಮೆ ಅಷ್ಟೇ, ಇವೆರಡರ ನಡುವಿನ ಹುಲ್ಲುಹಾದಿಯಾದ ಫೇರ್‌ವೇ ಸುಮಾರು 30 ಎಕರೆ. ಉಳಿದದ್ದು ರಫ್, ಕೆರೆ, ಮರ, ದಾರಿ. ಅದರಲ್ಲಿ ಎಷ್ಟನ್ನು ಕತ್ತರಿಸದೆ ಬಿಡಬಹುದು ಎಂಬುದನ್ನು ಕೋಣೆಯಲ್ಲಿ ಕೂತು ತೀರ್ಮಾನಿಸಬೇಡಿ. ಆಟಗಾರರ ಚೀಲ ಹೊರುವ ಕ್ಯಾಡಿಗಳನ್ನು ಕೇಳಿ.

ಪ್ರತಿ ಹೋಲ್‌ನ ನಕ್ಷೆಯ ಜೆರಾಕ್ಸ್ ಪ್ರತಿ ಕೊಟ್ಟು, ಎರಡು ವಾರ ಚೆಂಡು ಹುಡುಕಲು ಹೋದ ಕಡೆಯಲ್ಲೆಲ್ಲ ಒಂದೊಂದು ಚುಕ್ಕೆ ಇಡಲು ಹೇಳಿ. ಟೀಯಿಂದ ಮುಂದಕ್ಕೆ ಬಲಬದಿಯಲ್ಲಿ ಚುಕ್ಕೆಗಳು ಮುತ್ತಿಕೊಂಡಿರುತ್ತವೆ. ಬಲಗೈ ಆಟಗಾರರ ಸ್ಲೈಸ್ (ಬಲಕ್ಕೆ ಬಾಗುವ ಹೊಡೆತ) ಬೀಳುವುದೇ ಅಲ್ಲಿ. ಟೀಗಳ ಹಿಂದುಗಡೆ, ಟೀಯ ಮುಂದಿನ ಮೊದಲ ಐವತ್ತು ಅರುವತ್ತು ಮೀಟರ್, ಎರಡು ಫೇರ್‌ವೇಗಳ ನಡುವಿನ ಮರಸಾಲಿನ ಒಳಭಾಗ, ಕಾಂಪೌಂಡಿನ ಮೂಲೆಗಳಲ್ಲಿ ಚುಕ್ಕೆ ಅಪರೂಪ. ಚುಕ್ಕೆ ಬೀಳದ ಜಾಗಕ್ಕೆ ಹಸಿರು ಬಣ್ಣ ಹಚ್ಚಿ. ಮುಂದೆ ಕತ್ತರಿಸದೆ ಬಿಡುವುದು ಈ ಹಸಿರು ಜಾಗವನ್ನು ಮಾತ್ರ.

ಮಳೆ ಬಂದ ದಿನ ಕೊಡೆ ಹಿಡಿದು ಹೊರಟು ನೀರು ಎಲ್ಲಿಂದ ಹರಿದು ಎಲ್ಲಿಗೆ ಸೇರುತ್ತದೆ ಎಂದು ಅದೇ ನಕ್ಷೆಯಲ್ಲಿ ಬಾಣ ಹಾಕಿ. ಔಷಧಿ, ಗೊಬ್ಬರ ಹರಿಯುವುದೂ ಅದೇ ದಾರಿಯಲ್ಲಿ.

ಸಾಮಾನ್ಯ ತಪ್ಪು: ಕ್ಲಬ್‌ಹೌಸ್‌ನಿಂದ ಚೆನ್ನಾಗಿ ಕಾಣುತ್ತದೆ ಎಂದು ಜಾಗ ಆರಿಸುವುದು.

ಹಂತ 2: ನೀರನ್ನು ಅಳೆಯಿರಿ (ಫೆಬ್ರುವರಿ)

ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಡುವ ಹಂತ ಇದು, ಹೆಚ್ಚು ಜನ ಹಾರಿಬಿಡುವ ಹಂತವೂ ಇದೇ. ಒಂದು ಲೆಕ್ಕ ಬಾಯಿಪಾಠ ಮಾಡಿಕೊಳ್ಳಿ: ಒಂದು ಎಕರೆಗೆ ಒಂದು ಮಿಲಿಮೀಟರ್ ನೀರು ಕೊಟ್ಟರೆ ಸುಮಾರು 4,000 ಲೀಟರ್. 30 ಎಕರೆ ಫೇರ್‌ವೇಗೆ ಒಂದು ರಾತ್ರಿ 5 ಮಿ.ಮೀ. ಕೊಟ್ಟರೆ 6 ಲಕ್ಷ ಲೀಟರ್, ಅಂದರೆ 6,000 ಲೀಟರಿನ ನೂರು ಟ್ಯಾಂಕರ್. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶ ಮಾಡಿತು. ಅಕ್ಕಪಕ್ಕದ ಬೀದಿಗಳಲ್ಲಿ ಜನ ಬಿಂದಿಗೆ ಹಿಡಿದು ನಿಂತಿರುವಾಗ ನಾವು ಒಂದು ಮಿಲಿಮೀಟರನ್ನೂ ಲೆಕ್ಕವಿಲ್ಲದೆ ಚೆಲ್ಲಬಾರದು.

ಡಬ್ಬಿ ಪರೀಕ್ಷೆ ಮಾಡುವುದು ಹೀಗೆ. ಗಾಳಿ ಇಲ್ಲದ ಮುಂಜಾನೆ ಒಂದು ಫೇರ್‌ವೇ ಆರಿಸಿ, 24 ಡಬ್ಬಿಗಳನ್ನು ಸ್ಪ್ರಿಂಕ್ಲರ್‌ಗಳ ನಡುವೆ ಸಮ ಅಂತರದಲ್ಲಿ ಇಡಿ. 15 ನಿಮಿಷ ನೀರು ಬಿಡಿ. ಪ್ರತಿ ಡಬ್ಬಿಯ ನೀರನ್ನೂ ಅಳೆದು ಬರೆಯಿರಿ. ಅತಿ ಕಡಿಮೆ ಬಿದ್ದ ಆರು ಡಬ್ಬಿಗಳ ಸರಾಸರಿಯನ್ನು ಎಲ್ಲ 24ರ ಸರಾಸರಿಯಿಂದ ಭಾಗಿಸಿ. ಒಟ್ಟು ಸರಾಸರಿ 20 ಎಂಎಲ್, ಕಡಿಮೆ ಬಿದ್ದ ಆರರ ಸರಾಸರಿ 11 ಎಂಎಲ್ ಬಂದರೆ ಹಂಚಿಕೆ ಶೇ. 55. ಒಣಗಿದ ತೇಪೆಗೆ ನೀರು ಸಾಲಲಿ ಎಂದು ನೀವು ಉಳಿದ ಜಾಗವನ್ನೆಲ್ಲ ಸುಮ್ಮನೆ ನೆನೆಸುತ್ತಿದ್ದೀರಿ ಎಂದರ್ಥ. ಶೇ. 70 ದಾಟುವವರೆಗೆ ಬೇರೆ ಯಾವ ಕೆಲಸಕ್ಕೂ ಹೋಗಬೇಡಿ.

ಕಾರಣಗಳು ಹೆಚ್ಚಾಗಿ ಚಿಕ್ಕವು: ವಾಲಿದ ಸ್ಪ್ರಿಂಕ್ಲರ್, ಮಣ್ಣಿನಲ್ಲಿ ಹೂತುಹೋದ ತಲೆ, ಪಾಚಿ ಕಟ್ಟಿದ ನಾಝಲ್, ಒಂದೇ ಲೈನಿನಲ್ಲಿ ಎರಡು ಅಳತೆಯ ನಾಝಲ್‌ಗಳು. ಒಬ್ಬ ಪ್ಲಂಬರ್, ಒಬ್ಬ ಮಾಲಿ ಸೇರಿ ದಿನಕ್ಕೆ ಒಂದು ಹೋಲ್ ಹಿಡಿದರೆ ಮೂರು ವಾರದಲ್ಲಿ ಮುಗಿಯುತ್ತದೆ. ಸುತ್ತಲೂ ತಿರುಗಿ ದಾರಿ, ಮರದ ಬುಡ ನೆನೆಸುವ ತಲೆಗಳನ್ನು ಅರ್ಧ ಸುತ್ತಿನವಕ್ಕೆ ಬದಲಿಸಿ. ಹಸಿರು ಬಣ್ಣ ಹಚ್ಚಿದ ಜಾಗದೊಳಗಿನ ತಲೆಗಳನ್ನು ಮುಚ್ಚಿಬಿಡಿ.

ಎಷ್ಟು ಕೊಡಬೇಕು? ಮಾರ್ಚ್, ಏಪ್ರಿಲ್ ಬಿಸಿಲಿಗೆ ನಮ್ಮ ಕಡೆ ದಿನಕ್ಕೆ 5ರಿಂದ 6 ಮಿ.ಮೀ. ಆವಿಯಾಗುತ್ತದೆ. ಬರ್ಮುಡಾ ಜಾತಿಯ ಹುಲ್ಲಿಗೆ ಅದರ ಮೂರನೇ ಎರಡು ಪಾಲು ಸಾಕು, ಸುಮಾರು 4 ಮಿ.ಮೀ. ಈ ಬರ್ಮುಡಾ ಬೇರೇನೂ ಅಲ್ಲ, ಗಣೇಶನಿಗೆ ಏರಿಸುವ ಗರಿಕೆಯ ಕುಲವೇ. ಕಲ್ಲುಸಂದಿಯಲ್ಲೂ ಬದುಕುವ ಹುಲ್ಲನ್ನು ನಾವು ದಿನಾ ನೀರು ಕುಡಿಸಿ ಮೇಲ್ಬೇರಿನದಾಗಿ ಮಾಡುತ್ತೇವೆ. ಫೇರ್‌ವೇಗೆ ದಿನಾ ಸ್ವಲ್ಪ ಸ್ವಲ್ಪ ಕೊಡುವ ಬದಲು ಎರಡು ಮೂರು ದಿನಕ್ಕೊಮ್ಮೆ ಆಳಕ್ಕೆ ಇಳಿಯುವಂತೆ ಕೊಡಿ. ಬೆಳಗಿನ ಜಾವ 3ರಿಂದ 5ರ ನಡುವೆ ಬಿಟ್ಟರೆ ಗಾಳಿ, ಆವಿ ಎರಡೂ ಕಡಿಮೆ. ಸಂಜೆ ಬಿಟ್ಟರೆ ಎಲೆ ರಾತ್ರಿಯಿಡೀ ಒದ್ದೆಯಾಗಿದ್ದು ರೋಗ ಬರುತ್ತದೆ.

ಎಚ್ಚರಿಕೆಯ ಗುರುತುಗಳು: ನಡೆದು ಹೋದ ಮೇಲೂ ಹೆಜ್ಜೆ ಗುರುತು ಏಳದಿದ್ದರೆ, ಹುಲ್ಲಿಗೆ ನೀಲಿ ಬೂದು ಛಾಯೆ ಬಂದರೆ ಅಲ್ಲಿ ನೀರು ಬೇಕು. ಪೈಪು ಹಿಡಿದು ಆ ತೇಪೆಗೆ ಮಾತ್ರ ಕೊಡಿ, ಇಡೀ ಲೈನ್ ಆನ್ ಮಾಡಬೇಡಿ. ಸ್ಕ್ರೂಡ್ರೈವರ್ ಬೆಣ್ಣೆಗೆ ಚುಚ್ಚಿದಂತೆ ಹಿಡಿಯವರೆಗೂ ಇಳಿದರೆ, ಗ್ರೀನ್ ಅಂಚಿನಲ್ಲಿ ಪಾಚಿ ಕಂಡರೆ ನೀರು ಹೆಚ್ಚಾಗಿದೆ. ಮಳೆ ಸುರಿಯುವಾಗ ಸ್ಪ್ರಿಂಕ್ಲರ್ ತಿರುಗುತ್ತಿದ್ದರೆ ಟೈಮರ್ ನೋಡಿಕೊಳ್ಳಲು ಯಾರೂ ಇಲ್ಲ ಎಂದರ್ಥ. ಆ ಹೊಣೆಯನ್ನು ಒಬ್ಬರ ಹೆಸರಿಗೆ ಬರೆದು ಕೊಡಿ.

ಮಳೆನೀರನ್ನೂ ಮರೆಯಬೇಡಿ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ. ಕ್ಲಬ್‌ಹೌಸ್ ಚಾವಣಿ ಸಾವಿರ ಚದರ ಮೀಟರ್ ಇದ್ದು ಅದರ ಶೇ. 80ರಷ್ಟು ಹಿಡಿದರೂ ಏಳೂಮುಕ್ಕಾಲು ಲಕ್ಷ ಲೀಟರ್ ಸಿಗುತ್ತದೆ.

ಹಂತ 3: ಸಂಸ್ಕರಿಸಿದ ನೀರಿಗೆ ಬದಲಾಗುವುದು

ಎಸ್‌ಟಿಪಿ (ಕೊಳಚೆ ನೀರು ಸಂಸ್ಕರಿಸುವ ಘಟಕ) ನೀರು ಬಳಸುವುದು ಸರಿಯಾದ ದಾರಿ, ಆದರೆ ಪರೀಕ್ಷೆ ಮಾಡಿಸದೆ ಬಳಸಿ ಗ್ರೀನ್ ಕಳೆದುಕೊಂಡವರಿದ್ದಾರೆ. ತಿಂಗಳಿಗೊಮ್ಮೆ ಇಸಿ ಅಳೆಯಿರಿ. ಮೀಟರಿಗೆ 0.7 ಡೆಸಿಸೀಮನ್ಸ್ (dS/m) ಒಳಗಿದ್ದರೆ ಚಿಂತೆಯಿಲ್ಲ, 3 ದಾಟಿದರೆ ನೇರವಾಗಿ ಬಳಸಬೇಡಿ, ನಡುವೆ ಇದ್ದರೆ ಮಳೆನೀರು ಬೆರೆಸಿ. ಸೋಡಿಯಂ ಹೆಚ್ಚಿದ್ದರೆ ಮಣ್ಣು ಗಟ್ಟಿಯಾಗಿ ನೀರು ಇಂಗುವುದೇ ನಿಲ್ಲುತ್ತದೆ, ಆಗ ಮಣ್ಣಿನ ವರದಿ ನೋಡಿಕೊಂಡು ಜಿಪ್ಸಂ ಕೊಡಬೇಕು. ಎಲೆತುದಿ ಸುಟ್ಟಂತಾಗುವುದು, ಮಣ್ಣಿನ ಮೇಲೆ ಬಿಳಿ ಹುಡಿ ಕಾಣುವುದು ಮೊದಲ ಸೂಚನೆ. ಹೊಸ ಗ್ರೀನ್ ಹಾಕುವವರು ಉಪ್ಪು ತಡೆಯುವ ಪಾಸ್ಪಾಲಂ ಹುಲ್ಲನ್ನು ಯೋಚಿಸಬಹುದು. ಈ ನೀರಿನ ನಲ್ಲಿಗಳಿಗೆಲ್ಲ ‘ಕುಡಿಯುವ ನೀರಲ್ಲ’ ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆಸಿ, ಕೆಲಸದವರಿಗೆ ಬೇರೆ ಕುಡಿಯುವ ನೀರಿಡಿ.

ಹಂತ 4: ಔಷಧಿ ಕೋಣೆಯ ಬಾಗಿಲು ತೆರೆಯಿರಿ (ಮಾರ್ಚ್‌ನಿಂದ ಮೇ)

ಮೊದಲು ಕೋಣೆಯಲ್ಲಿರುವ ಪ್ರತಿ ಡಬ್ಬಿಯನ್ನೂ ಹೊರಗೆ ಸಾಲಾಗಿ ಇಡಿ. ನಮ್ಮ ದೇಶದಲ್ಲಿ ಮಾರುವ ಪ್ರತಿ ಕೀಟನಾಶಕದ ಲೇಬಲ್ ಮೇಲೂ ವಜ್ರಾಕಾರದ ಚೌಕ ಇರುತ್ತದೆ, ಅದರ ಒಂದು ಅರ್ಧಕ್ಕೆ ಬಣ್ಣ ಹಚ್ಚಿರುತ್ತಾರೆ. ಕೆಂಪು ಅತಿ ಘೋರ ವಿಷ, ಹಳದಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ನೀಲಿ ಮಧ್ಯಮ, ಹಸಿರು ಕಡಿಮೆ. ಕೆಂಪು ಮತ್ತು ಹಳದಿಯವನ್ನು ಇನ್ನು ಮುಂದೆ ಖರೀದಿಸುವುದಿಲ್ಲ ಎಂದು ಅವತ್ತೇ ಬರೆದಿಡಿ. ಅವಧಿ ಮೀರಿದ್ದು, ಲೇಬಲ್ ಹರಿದದ್ದು ಬೇರೆ ಇಟ್ಟು ಬೀಗ ಹಾಕಿ, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳಲು ಪರವಾನಗಿ ಇರುವವರಿಗೆ ಕೊಡಿ. ಮೋರಿಗೆ ಸುರಿಯಬೇಡಿ, ಹೂಳಬೇಡಿ.

ಆಮೇಲೆ ಕ್ಯಾಲೆಂಡರ್ ನೋಡಿ ಔಷಧಿ ಹೊಡೆಯುವುದನ್ನು ನಿಲ್ಲಿಸಿ. ‘ತಿಂಗಳ ಮೊದಲ ಸೋಮವಾರ ಸ್ಪ್ರೇ’ ಎಂಬ ರೂಢಿ ಬಹಳ ಕಡೆ ಇದೆ. ಹುಳು ಇದೆಯೋ ಇಲ್ಲವೋ ನೋಡದೆ ಹೊಡೆದರೆ ಹುಳು ತಿನ್ನುವ ಹುಳುಗಳೂ ಸಾಯುತ್ತವೆ, ಮುಂದಿನ ಸಲ ದಾಳಿ ಇನ್ನೂ ಜೋರಾಗುತ್ತದೆ.

ನೋಡುವುದು ಹೇಗೆ? ಎಲೆ ಕತ್ತರಿಸುವ ಸೈನಿಕ ಹುಳುವಿಗೆ ಸೋಪು ಪರೀಕ್ಷೆ: 4 ಲೀಟರ್ ನೀರಿಗೆ 30 ಎಂಎಲ್ ಪಾತ್ರೆ ತೊಳೆಯುವ ಲಿಕ್ವಿಡ್ ಕಲಸಿ ಒಂದು ಚದರ ಮೀಟರಿಗೆ ಸುರಿಯಿರಿ. ಹತ್ತು ನಿಮಿಷದೊಳಗೆ ಹುಳುಗಳು ಮೇಲೆ ಬರುತ್ತವೆ, ಎಣಿಸಿ. ಬೇರು ತಿನ್ನುವ ಗೊಣ್ಣೆಹುಳು ಸೋಪಿಗೆ ಮೇಲೆ ಬರುವುದಿಲ್ಲ. ಸೋಪು ಹಾಕಿ ಏನೂ ಇಲ್ಲ ಎಂದು ಸುಮ್ಮನಾದವರ ಫೇರ್‌ವೇ ಒಂದು ತಿಂಗಳಲ್ಲಿ ಚಾಪೆಯಂತೆ ಸುರುಳಿಯಾಗಿ ಎದ್ದು ಬಂದದ್ದನ್ನು ನೋಡಿದ್ದೇನೆ. ಗೊಣ್ಣೆಗೆ ಒಂದು ಅಡಿ ಚೌಕವನ್ನು ಮೂರು ಬದಿ ಕೊಯ್ದು ಹುಲ್ಲನ್ನು ಮಗುಚಿ ನೋಡಬೇಕು. ಒಂದೆರಡು ಇದ್ದರೆ ಗಟ್ಟಿಮುಟ್ಟಾದ ಹುಲ್ಲು ತಡೆದುಕೊಳ್ಳುತ್ತದೆ. ಏಳೆಂಟು ಕಂಡರೆ ಕ್ರಮ ಬೇಕು. ಮೈನಾ, ಬೆಳ್ಳಕ್ಕಿಗಳು ಒಂದೇ ತೇಪೆಯನ್ನು ದಿನಾ ಕೆದಕುತ್ತಿದ್ದರೆ ಅಲ್ಲೇ ಮಗುಚಿ ನೋಡಿ.

ಗೊಣ್ಣೆಗೆ ನಮ್ಮ ರೈತರಿಗೆ ಗೊತ್ತಿರುವ ಉಪಾಯ ಗಾಲ್ಫ್ ಕೋರ್ಸ್‌ಗೂ ಹೊಂದುತ್ತದೆ. ಮುಂಗಾರಿನ ಮೊದಲ ಹದ ಮಳೆ ಬಿದ್ದ ಸಂಜೆ ಅದರ ದುಂಬಿಗಳು ನೆಲದಿಂದ ಎದ್ದು ಬೇವಿನ ಮರಕ್ಕೆ ಮುತ್ತುತ್ತವೆ. ಕೆಳಗೆ ಟಾರ್ಪಾಲು ಹಾಸಿ ಕೊಂಬೆ ಅಲ್ಲಾಡಿಸಿ, ಬಿದ್ದವನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿ. ನಾಲ್ಕೈದು ಸಂಜೆ ಹೀಗೆ ಮಾಡಿದರೆ ಆ ವರ್ಷ ಮೊಟ್ಟೆಯೇ ಕಡಿಮೆ.

ರೋಗಕ್ಕೂ ಇದೇ ಮಾತು. ರೂಪಾಯಿ ನಾಣ್ಯದಷ್ಟು ಬಿಳಿಚಿದ ತೇಪೆ, ಇಬ್ಬನಿ ಇರುವಾಗ ಅದರ ಮೇಲೆ ಜೇಡರಬಲೆಯಂಥ ಎಳೆ ಕಂಡರೆ ಅದು ಡಾಲರ್ ಸ್ಪಾಟ್ ಎಂಬ ಶಿಲೀಂಧ್ರ ರೋಗ. ಹೆಚ್ಚಿನ ಸಲ ಅದು ಸಾರಜನಕ ಕಡಿಮೆಯಾಗಿದೆ ಎಂದು ಹುಲ್ಲು ಹೇಳುತ್ತಿರುವುದು. ಮೊದಲು ಲಘುವಾಗಿ ಗೊಬ್ಬರ ಕೊಡಿ, ಬೆಳಗ್ಗೆ ಇಬ್ಬರು ಉದ್ದ ಹಗ್ಗದ ಎರಡು ತುದಿ ಹಿಡಿದು ಗ್ರೀನ್ ಮೇಲೆ ಎಳೆದು ಇಬ್ಬನಿ ಉದುರಿಸಿ. ವಾರದಲ್ಲಿ ಹತೋಟಿಗೆ ಬರದಿದ್ದರೆ ಮಾತ್ರ ಶಿಲೀಂಧ್ರನಾಶಕ, ಅದೂ ಆ ಗ್ರೀನ್‌ಗೆ ಮಾತ್ರ.

ಹೊಡೆಯಲೇಬೇಕಾದ ದಿನ ಮರದ ಎಲೆಗಳು, ಸಣ್ಣ ಕಡ್ಡಿಗಳು ಬಿಡದೆ ಅಲ್ಲಾಡುತ್ತಿದ್ದರೆ ಗಾಳಿ ಹೆಚ್ಚಿದೆ, ಮುಂದೂಡಿ. 24 ಗಂಟೆಯೊಳಗೆ ಮಳೆಯ ಸೂಚನೆ ಇದ್ದರೂ ಮುಂದೂಡಿ. ಹೊಡೆಯುವವರಿಗೆ ಗಮ್‌ಬೂಟು, ಕೈಗವಸು, ಮಾಸ್ಕು, ಕೆಲಸ ಮುಗಿದ ಮೇಲೆ ಸ್ನಾನಕ್ಕೆ ಸೋಪು, ನೀರು ಕೊಡಿ. ಅವರ ಬಟ್ಟೆಯನ್ನು ಮನೆಗೆ ಕಳಿಸಬೇಡಿ, ಅಲ್ಲೇ ಒಗೆಯುವ ವ್ಯವಸ್ಥೆ ಮಾಡಿ. ಮನೆಯಲ್ಲಿ ಮಕ್ಕಳ ಬಟ್ಟೆಯ ಜೊತೆ ಅದು ಒಂದೇ ಬಕೆಟ್‌ಗೆ ಬೀಳುತ್ತದೆ ಎಂಬುದನ್ನು ನಾವು ನೆನಪಿಡಬೇಕು.

ಹಂತ 5: ಕೆರೆಯಂಚು

ಕೆರೆಯ ಸುತ್ತ ಕನಿಷ್ಠ 8 ಮೀಟರ್ ಅಗಲಕ್ಕೆ ಔಷಧಿ, ಗೊಬ್ಬರ ಎರಡೂ ಬೇಡ. ಬಿಳಿ ಗೂಟ ನೆಟ್ಟು ಗಡಿ ತೋರಿಸಿ, ಬರೀ ಬಾಯಿಮಾತು ನಿಲ್ಲುವುದಿಲ್ಲ. ಆ ಪಟ್ಟಿಯಲ್ಲಿ ಹುಲ್ಲನ್ನು ಎತ್ತರಕ್ಕೆ ಬಿಡಿ, ಇಳಿಜಾರಿನಲ್ಲಿ ಲಾವಂಚ ನೆಡಿ. ಕತ್ತರಿಸಿದ ಹುಲ್ಲು ಕೆರೆಗೆ ಹಾರದಂತೆ ಮೋವರ್ ತಿರುಗಿಸಿ. ಮೋವರ್ ತೊಳೆದ ನೀರು ಎಣ್ಣೆ ಸಮೇತ ಕೆರೆ ಸೇರುತ್ತಿದೆಯೇ ಎಂದು ಹಂತ 1ರ ಬಾಣಗಳಲ್ಲಿ ನೋಡಿ.

ನೀರು ಹಸಿರು ಬಣ್ಣದಂತಾಗುವುದು, ಅಂತರಗಂಗೆ ಹಬ್ಬುವುದು ಗೊಬ್ಬರ ಸೇರುತ್ತಿರುವ ಗುರುತು. ಸೂರ್ಯ ಹುಟ್ಟುವ ಹೊತ್ತಿಗೆ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಆಮ್ಲಜನಕ ಮುಗಿಯುತ್ತಿದೆ. ಅವತ್ತೇ ನೀರಿಗೆ ಗಾಳಿ ಬೆರೆಸುವ ಏರೇಟರ್ ಹಚ್ಚಿ. ಪಾಚಿನಾಶಕ ಹಾಕಿದರೆ ಪಾಚಿ ಕೊಳೆತು ಉಳಿದ ಆಮ್ಲಜನಕವೂ ಹೋಗುತ್ತದೆ.

ಹಂತ 6: ಈಗ ಹುಲ್ಲು ಬೆಳೆಯಲು ಬಿಡಿ (ಜೂನ್)

ಅರ್ಧ ಎಕರೆಯಿಂದ ಶುರು ಮಾಡಿ. ಅಷ್ಟನ್ನು ಒಂದು ವರ್ಷ ಉಳಿಸಿಕೊಂಡ ಮೇಲೆ ಮುಂದಿನದು. ಕತ್ತರಿಸುವುದನ್ನು ನಿಲ್ಲಿಸಿದರೆ ತಾನಾಗಿ ಕಾಡಾಗುತ್ತದೆ ಎಂಬ ನಂಬಿಕೆಯೇ ನನ್ನ ಎರಡು ಸೋಲಿಗೂ ಕಾರಣ. ಮೊದಲ ಎರಡು ವರ್ಷ ಆ ಜಾಗಕ್ಕೆ ಫೇರ್‌ವೇಗಿಂತ ಹೆಚ್ಚು ಕೈಕೆಲಸ ಬೇಕು.

ಮೊದಲ ಮಳೆಯ ಮೂರು ವಾರಕ್ಕೆ ಪಾರ್ಥೇನಿಯಂ ಎಲೆಗಳು ನೆಲಕ್ಕೆ ಅಂಟಿದ ಗುಲಾಬಿಯಾಕಾರದಲ್ಲಿ ಕಾಣುತ್ತವೆ. ಬಿಳಿ ಹೂ ಬರುವ ಮುಂಚೆ, ನೆಲ ಹಸಿಯಿರುವಾಗ ಬೇರು ಸಮೇತ ಕೀಳಿಸಬೇಕು. ಕೈಗವಸು ಕಡ್ಡಾಯ, ಇದು ಚರ್ಮಕ್ಕೆ ಅಲರ್ಜಿ ತರುತ್ತದೆ. ಜೂನ್, ಆಗಸ್ಟ್, ಸೆಪ್ಟೆಂಬರ್ ಕೊನೆ ಹೀಗೆ ಮೂರು ಸುತ್ತು. ಎಲೆಗಳಲ್ಲಿ ತೂತು, ಮೇಲೆ ಕೆನೆಬಣ್ಣದ ಬೆನ್ನಿಗೆ ಕಪ್ಪು ಗೆರೆಯಿರುವ ಪುಟ್ಟ ಜೀರುಂಡೆ ಕಂಡರೆ ಅಲ್ಲಿ ಔಷಧಿ ಹೊಡೆಯಬೇಡಿ. ಪಾರ್ಥೇನಿಯಂ ತಿನ್ನಲೆಂದೇ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಮೆಕ್ಸಿಕೋ ಜೀರುಂಡೆ ಅದು. ಲಂಟಾನವನ್ನು ಮೇಲಿನಿಂದ ಕಡಿದರೆ ನಾಲ್ಕುಪಟ್ಟು ಚಿಗುರುತ್ತದೆ. ನೆಲದಿಂದ ಒಂದೆರಡು ಇಂಚು ಕೆಳಗೆ ಬೇರುಬುಡವನ್ನೇ ಕತ್ತರಿಸಿ ಗಿಡವನ್ನು ತಲೆಕೆಳಗಾಗಿ ಒಣಗಲು ಬಿಡಿ.

ಈ ಜಾಗದ ಸುತ್ತ ಎರಡು ಮೀಟರ್ ಅಗಲಕ್ಕೆ ಹುಲ್ಲನ್ನು ನೀಟಾಗಿ ಕತ್ತರಿಸುತ್ತಲೇ ಇರಿ. ಸೀರೆಗೆ ಅಂಚು ಇದ್ದಂತೆ ಇದು. ಅಂಚು ಕಂಡರೆ ಸದಸ್ಯರಿಗೆ ಬೇಕೆಂದೇ ಬಿಟ್ಟದ್ದು ಎಂದು ತಿಳಿಯುತ್ತದೆ, ಕಾಣದಿದ್ದರೆ ಪಾಳು ಬಿದ್ದಿದೆ ಎನ್ನುತ್ತಾರೆ. ಬೇಸಿಗೆಯಲ್ಲಿ ಬೆಂಕಿ ತಡೆಯುವುದೂ ಇದೇ ಅಂಚು. ವರ್ಷಕ್ಕೊಮ್ಮೆ, ಜನವರಿ ಕೊನೆಯಲ್ಲಿ, ಅರ್ಧ ಭಾಗ ಮಾತ್ರ ಕತ್ತರಿಸಿ ಹುಲ್ಲನ್ನು ಹೊರಗೆ ಸಾಗಿಸಿ. ಉಳಿದರ್ಧ ಹುಳುಹುಪ್ಪಟೆಗಳ ಆಸರೆಗೆ ಇರಲಿ.

ನೆಡಬೇಕಾದದ್ದು ಊರಿನ ಗಿಡಗಳೇ: ತುಂಬೆ, ಎಕ್ಕ, ಕರಿಬೇವು, ಹೊಂಗೆ, ಅತ್ತಿ, ಬಸರಿ. ಎಕ್ಕದ ಮೇಲೆ ಕಿತ್ತಳೆ ಬಣ್ಣದ ಹುಲಿಚಿಟ್ಟೆ ಮೊಟ್ಟೆಯಿಡುತ್ತದೆ. ಅಕೇಶಿಯಾ, ನೀಲಗಿರಿ, ಸುಬಾಬುಲ್ ಬೇಡ. ಎಲ್ಲ ಬಯಲನ್ನೂ ಮರದಿಂದ ತುಂಬಬೇಡಿ, ಬಯಲೇ ಬೇಕಾದ ಹಕ್ಕಿಗಳಿವೆ. ಗ್ರೀನ್‌ನ ಪೂರ್ವಕ್ಕೆ ಮರ ನೆಟ್ಟರೆ ಬೆಳಗಿನ ಬಿಸಿಲು ತಪ್ಪಿ ರೋಗ ಬರುತ್ತದೆ, ಮತ್ತೆ ಔಷಧಿಗೇ ಮರಳುತ್ತೀರಿ. ಯಾರ ಮೇಲೂ ಬೀಳುವ ಅಪಾಯವಿಲ್ಲದ ಒಣಮರವನ್ನು ನಿಲ್ಲಲು ಬಿಡಿ, ಹಾಲಕ್ಕಿ, ಕುಟ್ರುಹಕ್ಕಿ, ಗಿಳಿಗಳಿಗೆ ಅದರ ಪೊಟರೆ ಬೇಕು. ಕಡಿಯಬೇಕಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷ ಅಧಿಕಾರಿಯ ಅನುಮತಿ ಪಡೆಯಿರಿ.

ಹಂತ 7: ಗೂಡು ಕಂಡರೆ ಏನು ಮಾಡಬೇಕು

ಒಂದು ಏಪ್ರಿಲ್ ಬೆಳಗ್ಗೆ ಮೋವರ್ ಓಡಿಸುವ ಹುಡುಗ ಗಾಡಿ ನಿಲ್ಲಿಸಿ ಫೋನ್ ಮಾಡಿದ: “ಸಾರ್, ಇಲ್ಲೊಂದು ಹಕ್ಕಿ ನನ್ನನ್ನ ಬೈತಾ ಇದೆ, ಮುಂದಕ್ಕೆ ಹೋಗಕ್ಕೆ ಬಿಡ್ತಾ ಇಲ್ಲ.” ಹೋಗಿ ನೋಡಿದರೆ ಟಿಟ್ಟಿಭ. ಮೋವರಿನ ಚಕ್ರದಿಂದ ಎರಡು ಮಾರು ಮುಂದೆ, ಗಾಡಿದಾರಿಯ ಅಂಚಿನ ಜಲ್ಲಿಯಲ್ಲಿ ನಾಲ್ಕು ಮೊಟ್ಟೆ, ಚೂಪು ತುದಿಗಳೆಲ್ಲ ಒಳಮುಖವಾಗಿ. ಮಣ್ಣಿನ ಬಣ್ಣಕ್ಕೆ ಕಪ್ಪು ಕಂದು ಮಚ್ಚೆ. ಕಣ್ಣು ಬೇರೆಡೆ ತಿರುಗಿಸಿ ಮತ್ತೆ ನೋಡಿದರೆ ಎಲ್ಲಿದ್ದವೆಂದು ತಿಳಿಯದು.

ಇಂಥ ಕಡೆ ಐದು ಮೀಟರ್ ಚೌಕಕ್ಕೆ ಗೂಟ ನೆಟ್ಟು ಹಗ್ಗ ಕಟ್ಟಿ, ಮೊಟ್ಟೆ ಮುಟ್ಟಬೇಡಿ, ಸ್ಥಳ ಬದಲಿಸಬೇಡಿ. ಆ ಸ್ಪ್ರಿಂಕ್ಲರ್ ಮುಚ್ಚಿ. ಕಮಿಟಿಯಿಂದ ಆ ಚೌಕವನ್ನು ‘ನೋ ಪ್ಲೇ ಝೋನ್’ ಎಂದು ಘೋಷಿಸಿ ಉಚಿತ ರಿಲೀಫ್ (ದಂಡವಿಲ್ಲದೆ ಚೆಂಡನ್ನು ಹೊರಗಿಟ್ಟು ಆಡುವ ಅವಕಾಶ) ಕೊಡಿಸಿ, ಆಟಗಾರರಿಗೆ ನಷ್ಟವಿಲ್ಲದಿದ್ದರೆ ತಕರಾರೂ ಇರುವುದಿಲ್ಲ. ಸುಮಾರು ನಾಲ್ಕು ವಾರ ಸಾಕು. ಮರಿಗಳು ಒಡೆದ ದಿನವೇ ತಾಯಿಯ ಹಿಂದೆ ನಡೆದುಹೋಗುತ್ತವೆ. ಹಾವು ಕಂಡರೆ ಹೊಡೆಯದೆ ಹಿಡಿಯುವವರಿಗೆ ತಿಳಿಸಬೇಕು, ಅವರ ನಂಬರ್ ಹಾಜರಿ ಗೋಡೆಯ ಮೇಲಿರಲಿ.

ಹಂತ 8: ಮಾಲಿಗಳು, ಸದಸ್ಯರು, ದಾಖಲೆ

ಇದನ್ನು ಕೊನೆಯಲ್ಲಿ ಬರೆದಿದ್ದರೂ ಜನವರಿಯಿಂದಲೇ ನಡೆಯಬೇಕು. ಕಳೆ ಕೀಳುವ ಹೆಂಗಸರು ದಿನಕ್ಕೆ ಎಂಟು ಗಂಟೆ ನೆಲ ನೋಡುತ್ತಾರೆ, ಅವರಷ್ಟು ಯಾರಿಗೂ ಕಾಣುವುದಿಲ್ಲ. “ಅಕ್ಕ, ಇವತ್ತು ಏನು ಹೊಸದು ಕಂಡಿರಿ?” ಎಂದು ದಿನಾ ಸಂಜೆ ಕೇಳಿ ಮೂರನೇ ನೋಟ್‌ಬುಕ್‌ನಲ್ಲಿ ಬರೆಯಿರಿ. ನಮ್ಮಲ್ಲಿ ಸೈನಿಕ ಹುಳು ಮೊದಲು ಪತ್ತೆಯಾದದ್ದು ಹೀಗೇ, ಸೋಪು ಸುರಿಯುವುದಕ್ಕೂ ಎರಡು ದಿನ ಮುಂಚೆ.

ಸದಸ್ಯರಿಗೆ ಭಾಷಣ ಬೇಡ. ಮೊದಲ ಟೀ ಹತ್ತಿರ ಒಂದು ಕರಿಹಲಗೆ ಇಟ್ಟು ನಿನ್ನೆ ಬಳಸಿದ ನೀರು, ಕಳೆದ ವರ್ಷ ಇದೇ ದಿನ ಬಳಸಿದ್ದು, ಎರಡನ್ನೂ ಬರೆಯಿರಿ. ಫೆಬ್ರುವರಿಯಲ್ಲಿ ನಡೆಯುವ ಕ್ಯಾಂಪಸ್ ಹಕ್ಕಿ ಎಣಿಕೆಗೆ ಕ್ಯಾಡಿಗಳ ಮಕ್ಕಳನ್ನೂ ಕರೆಯಿರಿ. ಅಮೆರಿಕದ ಪರಿಸರ ಸಂಸ್ಥೆ ಆಡುಬಾನ್ ಇಂಟರ್‌ನ್ಯಾಷನಲ್ 1991ರಿಂದ ಗಾಲ್ಫ್ ಕೋರ್ಸ್‌ಗಳಿಗೆ ನಡೆಸುತ್ತಿರುವ ಪ್ರಮಾಣಪತ್ರ ಯೋಜನೆಗೆ ಅರ್ಜಿ ಹಾಕುವುದಾದರೆ ಈಗ ಹಾಕಿ. ಅವರು ನೋಡುವ ನೀರು, ರಾಸಾಯನಿಕ, ವನ್ಯಜೀವಿ ವಿಷಯಗಳ ಬಹುಪಾಲು ಮಾಹಿತಿ ನಿಮ್ಮ ಮೂರು ನೋಟ್‌ಬುಕ್‌ಗಳಲ್ಲಿ ಆಗಲೇ ಇರುತ್ತದೆ.

ಎರಡನೇ ವರ್ಷದ ಫೆಬ್ರುವರಿಯಲ್ಲಿ ಅದೇ 24 ಡಬ್ಬಿಗಳನ್ನು ಅದೇ ಫೇರ್‌ವೇಯಲ್ಲಿ, ಅದೇ ಜಾಗಗಳಲ್ಲಿ ಇಟ್ಟು ಮತ್ತೆ 15 ನಿಮಿಷ ನೀರು ಬಿಡಿ. ಬಂದ ಅಂಕಿಯನ್ನು ಹೋದ ವರ್ಷದ್ದರ ಪಕ್ಕದಲ್ಲೇ ಬರೆಯಿರಿ.